ಒಂದರಿಂದ ನಾಲ್ಕರವರೆಗೆ

ಗುಳೇದಗುಡ್ಡದಲ್ಲಿ, ದುಂಡವ್ವನ ಹಿತ್ತಲಲ್ಲಿ
ನಲವತ್ತು ಮೀಟರ್ ಕಬ್ಬಿಣ ನಿಂತು ಹನ್ನೊಂದು ವರ್ಷ.
ಬಾಡಿಗೆ ತಿಂಗಳ ಐದಕ್ಕೆ,
ಗುಂಯ್‌ಗುಟ್ಟುವುದು ಹಗಲೂ ರಾತ್ರಿ.
ಮೊದಲ ವರ್ಷ ಆ ಸದ್ದಿಗೆ ಅವಳಿಗೆ ನಿದ್ದೆ ಬರಲಿಲ್ಲವಂತೆ,
ಆಮೇಲೆ ಆ ಸದ್ದಿಲ್ಲದೆ ಬರಲಿಲ್ಲ.

ನಾನು ಆ ಟವರಿನ ವೈದ್ಯ, ಜವಾನ, ಬೈಸಿಕೊಳ್ಳುವವ.
ಕೆರೂರಿನಿಂದ ಕಮತಗಿಯವರೆಗೆ ಹದಿನಾಲ್ಕು ನನ್ನವು.
ಇಲಿ ಕಡಿದ ವೈರು, ಉಬ್ಬಿದ ಬ್ಯಾಟರಿ,
ಜನರೇಟರಿನ ಹೊಟ್ಟೆಗೆ ಡೀಸೆಲ್.
(ಕ್ಯಾನಿನ ತಳದ ಎರಡು ಲೀಟರು ಎಲ್ಲಿ ಹೋಗುತ್ತಿತ್ತು
ಎಂದು ಕೇಳಬೇಡಿ. ಭಾವನ ಟಂಟಂಗೆ ಗೊತ್ತು.)

ಕಾರಹುಣ್ಣಿಮೆಯ ಮರುದಿನ ಹುಬ್ಬಳ್ಳಿಯಿಂದ
ಅಕ್ಷತಾ ಹೆರಕಲ್ ಎಂಬ ಇಂಜಿನಿಯರ್ ಬಂದಳು.
ಜನರೇಟರಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪ್ ಇಟ್ಟು
ಒಂದು ಗೆರೆ ತೋರಿಸಿದಳು:
ಸಂಜೆ ಗುಡ್ಡ ಹತ್ತಿದ ಗೆರೆ
ನಡುರಾತ್ರಿ ಕೆರೆಗೆ ಬಿದ್ದು ತಳದಲ್ಲಿ ಮಲಗಿತ್ತು.
"ಒಂದರಿಂದ ನಾಲ್ಕರತನಕ ಮಾತಾಡೋರು ಮೂರು ಮಂದಿ, ನೋಡ್ರಿ.
ಮೂರು ಮಂದಿಗೆ ನಾಲ್ಕು ಬಸ್ಸು ಬಿಟ್ಟೀವಿ."
ಆ ಮೂವರಲ್ಲಿ ಒಬ್ಬ ಯಾರೆಂದು ನನಗೆ ಗೊತ್ತು,
ಮೊನ್ನೆ ನಿಶ್ಚಯವಾದವನು. ಹೇಳಲಿಲ್ಲ.

ಏಸಿ ಬಿಚ್ಚಿಸಿದಳು. ಆ ಪೆಟ್ಟಿಗೆಗೆ ಅಷ್ಟು ತಂಪು ಬೇಕಿರಲೇ ಇಲ್ಲವಂತೆ;
ಹೊಸ ಅಳಿಯನ ಹಾಗೆ ನೋಡಿಕೊಂಡಿದ್ದೆವು ನಾವು.
ಗೋಡೆಗೊಂದು ಕಿಂಡಿ, ಕಿಂಡಿಗೊಂದು ಫ್ಯಾನು.
ಒಂದು ಗಂಟೆ ಹೊಡೆದರೆ ನಾಲ್ಕರಲ್ಲಿ ಮೂರು ಅಲೆ ಮಲಗಬೇಕು,
ಒಂದು ಕಾವಲಿಗಿರಬೇಕು.

ಆ ರಾತ್ರಿ ಒಂದೂ ಹತ್ತಕ್ಕೆ ನನ್ನ ಫೋನು ಬಡಿದುಕೊಂಡಿತು.
"ತಮ್ಮಾ, ಟವರ್ ಸತ್ತೈತಿ ನೋಡ."
"ಸತ್ತಿಲ್ಲವ್ವ, ಮಲಗೈತಿ."
"ಕಬ್ಬಿಣ ಎಲ್ಲ್ಯಾರ ಮಲಗತೈತೇನೋ?"
"ಮತ್ತ ನೀ ಈಗ ಮಾತಾಡಾಕತ್ತಿದ್ದು ಯಾವುದರ ಮ್ಯಾಲ?"
ಆ ಕಡೆ ಏನೂ ಇಲ್ಲ.
ಎಲ್ಲೋ ದೂರದ ನಾಯಿ, ಹತ್ತಿರದ ಉಸಿರು.
ಆಮೇಲೆ:
"ಹಂಗಾರ ಹಾಸು ಬಿಗಿ ಐತಿ ಅನ್ನು."

ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು
ಖಣ ನೇಯ್ದವಳು. ಈಗಲೂ ನೇಯುತ್ತಾಳೆ, ಸೊಸೆಯ ಜೊತೆ ಪಾಳಿಯಲ್ಲಿ.
ಲಾಳಿ ಮಲಗಿದರೂ ಹಾಸು ಸಡಿಲಬಾರದು,
ಸಡಿಲಿದರೆ ಬೆಳಗ್ಗೆ ನೇಯುವುದು ಖಣವಲ್ಲ, ಒರೆಸುವ ಬಟ್ಟೆ.
ಅಕ್ಷತಾ ಮೇಡಂಗೆ ಈ ಮಾತು ಹೇಳಿದೆ.
ಬರೆದುಕೊಂಡಳು, ಯಾಕೋ ಗೊತ್ತಿಲ್ಲ.

ತಿಂಗಳ ಕೊನೆಗೆ ಉಳಿತಾಯದ ಪಟ್ಟಿ ಬಂತು.
ಯೂನಿಟ್ಟು ಇಷ್ಟು, ಡೀಸೆಲ್ಲು ಇಷ್ಟು,
ಅದರ ಕೆಳಗೆ, ಅದೇ ಅಕ್ಷರದಲ್ಲಿ,
ನನ್ನ ಸಹಾಯಕ ದಸ್ತಗೀರ.
ಈಗ ಕಮತಗಿ ಕ್ರಾಸಿನಲ್ಲಿ ಪಂಕ್ಚರ್ ಹಾಕುತ್ತಾನೆ.
ಹೋದರೆ ಚಹಾ ತರಿಸುತ್ತಾನೆ, ಟವರಿನ ಸುದ್ದಿ ಕೇಳುವುದಿಲ್ಲ.
ಡೀಸೆಲ್ ವಾಸನೆ ಅವನ ಅಂಗಿಯಲ್ಲಿ ಇನ್ನೂ ಇದೆ,
ನನ್ನದರಲ್ಲಿ ಹೋಗಿದೆ.

ಜನರೇಟರಿನ ಹೊಗೆ ಕಪ್ಪು ಬಳಿದಿದ್ದ ಗೋಡೆಗೆ
ಈಗ ಹಗ್ಗ ಕಟ್ಟಿ ಕೆಂಪು ನೂಲು ಒಣಹಾಕಿದ್ದಾಳೆ ದುಂಡವ್ವ.
ಇದನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು?
ದಸ್ತಗೀರನ ಮೇಲೋ ಕೆಳಗೋ?

ಮೊನ್ನೆ ಬಾಗಲಕೋಟೆಯಿಂದ ಬರುವಾಗ ತಡವಾಯಿತು.
ಬೈಕು ಆರಿಸಿ ಹಿತ್ತಲಿಗೆ ಹೋದರೆ
ಕೆಂಪು ಬಂಡೆ ಹಗಲಿನ ಕಾವನ್ನು ಇನ್ನೂ ಹಿಂದಿರುಗಿಸುತ್ತಿತ್ತು,
ಕಂತಿನ ಸಾಲದ ಹಾಗೆ.
ಮೇಲೆ ಕೆಂಪು ದೀಪ, ಕೆಳಗೆ ಹೊರಸಿನ ಮೇಲೆ ಅವಳು,
ಒಳಗೆ ಮೊಮ್ಮಕ್ಕಳ ಗೊರಕೆ.
"ನಿದ್ದಿ ಹತ್ತಲಿಲ್ಲೇನವ್ವಾ?"
"ಅದು ಮಲಗಿದಾಗ ಒಬ್ಬರಾರ ಎಚ್ಚರಿರಬೇಕಲ್ಲ."
ಕೂತೆ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು,
ಮೂರನೇ ಮನೆಯ ಕೆಮ್ಮು ಕೇಳಿಸಿತು.
ಹನ್ನೊಂದು ವರ್ಷ ಇವೆಲ್ಲ ಎಲ್ಲಿದ್ದವೋ.

ನಾಲ್ಕಕ್ಕೆ ಫ್ಯಾನು ಗುಂಯ್ ಎಂದಿತು.
ಅವಳು ಸೆರಗು ಮುಖಕ್ಕೆಳೆದುಕೊಂಡು ಅಡ್ಡಾದಳು.